ಹೊಸ ಮೋಟರಿನ ಆಯಿಲ್

ಹೊಸ ಮೋಟರು ಬಂದ ದಿನ ಜಗನ್ನಾಥನ ಬಲಗೈ ಹೆಗಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬೆಳಿಗ್ಗೆ ಶರ್ಟಿನ ತೋಳಿಗೆ ಕೈ ತೂರಿಸಲು ಹೆಂಡತಿ ಶಾರದಾ ಬರಬೇಕಾಯಿತು. "ಹನ್ನೊಂದು ವರ್ಷ ಕಾದಿದ್ದೀರಿ. ಇನ್ನೊಂದು ದಿನ ಕಾದ್ರೆ ಮೋಟರೇನು ಓಡಿ ಹೋಗ್ತದಾ? ರಜೆ ಹಾಕಿ" ಎಂದಳು. ಅವತ್ತು ಮಾರ್ಚ್ ಮೂವತ್ತು. ಮಾರ್ಚ್ ಕೊನೆಯ ವಾರದಲ್ಲಿ ಸರ್ಕಾರಿ ನೌಕರ ಸಾಯುವುದಿದ್ದರೂ ಒಂದು ಸಹಿ ಹಾಕಿಯೇ ಸಾಯಬೇಕು ಎಂದು ಹೇಳಿ ಅವನು ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಿಂದ ಬಸ್ ಹಿಡಿದ.

ಅವನ ಕಚೇರಿ ಎಂದರೆ ಯಮುನೆಯ ದಂಡೆಯ ಒಂದು ತಗಡಿನ ಶೆಡ್ಡು. ನದಿಯ ನೀರನ್ನು ಬಾಟಲಿಗಳಲ್ಲಿ ತುಂಬಿ ಪರೀಕ್ಷೆಗೆ ಕಳಿಸುವ ಕೇಂದ್ರ ಸರ್ಕಾರದ ಘಟಕವೊಂದರ ಕಟ್ಟಕಡೆಯ ಬೆರಳು ಅದು. ಅಲ್ಲಿ ಒಂದು ದೋಣಿ, ದೋಣಿ ನಡೆಸಲು ಜಗನ್ನಾಥ, ಅವನ ಕೈಕೆಳಗೆ ಗುತ್ತಿಗೆ ಏಜೆನ್ಸಿಯ ಲೆಕ್ಕದಲ್ಲಿ ಬರುವ ಕಿಶನ್. ವಾರಕ್ಕೆ ಎರಡು ಸಲ ನಡುಹೊಳೆಗೆ ಹೋಗಿ ಏಳು ಜಾಗದಲ್ಲಿ ನೀರು ಎತ್ತಬೇಕು. ಅಂಕೋಲೆಯ ಕಡಲಲ್ಲಿ ಬೆಳೆದ ಜಗನ್ನಾಥ ಬಂದರು ಇಲಾಖೆಯಿಂದ ವರ್ಗವಾಗಿ ದೆಹಲಿಗೆ ಬಂದಾಗ ಇದನ್ನು ನೋಡಿ, "ಇದು ಹೊಳೆಯಾ, ಇಲ್ಲ ಬಚ್ಚಲಾ?" ಎಂದು ಕೇಳಿದ್ದ. ಈಗ ಕೇಳುವುದಿಲ್ಲ. ಇಪ್ಪತ್ತಾರು ವರ್ಷ ಮೂಗಿಗೆ ಬಡಿದ ವಾಸನೆಯನ್ನು ಮೂಗು ವಾಸನೆ ಎನ್ನುವುದನ್ನೇ ಬಿಟ್ಟಿತ್ತು.

ಹಳೆಯದು ನಲವತ್ತು ಎಚ್‌ಪಿಯ ಟು-ಸ್ಟ್ರೋಕ್ ಮೋಟರು. ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಕೊಂಡು ಕೂತಿರುತ್ತಿತ್ತು. ಹಗ್ಗ ಎಳೆದು ಅದನ್ನು ಶುರು ಮಾಡಬೇಕು. ಬೇಸಿಗೆಯಲ್ಲಿ ನಾಲ್ಕು ಎಳೆತ, ಚಳಿಗಾಲದಲ್ಲಿ ಹದಿನೈದು. ಶುರುವಾದ ಮೇಲೆ ಅದು ಬಿಡುವ ನೀಲಿ ಹೊಗೆಯಲ್ಲಿ ದಂಡೆಯ ಕೊಕ್ಕರೆಗಳು ಎದ್ದು ಹೋಗುತ್ತಿದ್ದವು. ಜಗನ್ನಾಥ ಹನ್ನೊಂದು ವರ್ಷದಲ್ಲಿ ಒಂಬತ್ತು ಅರ್ಜಿ ಬರೆದಿದ್ದ: ಕೀಲಿ ತಿರುಗಿಸಿದರೆ ಶುರುವಾಗುವ ಫೋರ್-ಸ್ಟ್ರೋಕ್ ಕೊಡಿ, ನನ್ನ ಹೆಗಲು ಹೋಗಿದೆ, ಡಾಕ್ಟರ ಚೀಟಿ ಲಗತ್ತಿಸಿದೆ. ಹೆಗಲಿನ ಕಥೆ ಯಾರಿಗೂ ಬೇಕಾಗಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಹೊಗೆ. ಹೋದ ನವೆಂಬರಿನಲ್ಲಿ ಹೊಗೆಮಂಜಿಗೆ ಊರೆಲ್ಲ ಮಾಸ್ಕ್ ಹಾಕಿಕೊಂಡಿದ್ದಾಗ ದೊಡ್ಡ ಸಾಹೇಬರೊಬ್ಬರು ದೋಣಿ ಹತ್ತಿ, ಕೆಮ್ಮಿ, "ನೀರಿನ ಕೊಳಕು ಅಳೆಯೋಕೆ ಗಾಳಿ ಕೊಳಕು ಮಾಡ್ತೀರಲ್ರೀ" ಎಂದರು. ಎಲ್ಲರೂ ನಕ್ಕರು. ನಾಲ್ಕು ತಿಂಗಳಲ್ಲಿ ಮೋಟರು ಬಂತು.

ಹೊಸದು ಬರಬೇಕಾದರೆ ಹಳೆಯದು ಸಾಯಬೇಕು. ಅದು ಕಾಗದದ ನಿಯಮ. ಫೆಬ್ರವರಿಯಲ್ಲಿ ಮೂವರ ಸಮಿತಿ ಶೆಡ್ಡಿಗೆ ಬಂದು, ಚಹಾ ಕುಡಿದು, ಓಡುತ್ತಿದ್ದ ಮೋಟರನ್ನೇ ನೋಡಿ "ರಿಪೇರಿಗೆ ಯೋಗ್ಯವಲ್ಲ" ಎಂದು ಬರೆದು ಹೋಗಿತ್ತು. ಅದರ ಮುಚ್ಚಳದ ಮೇಲೆ ಕಿಶನ್ ಕೆಂಪು ಬಣ್ಣದಲ್ಲಿ ಹರಾಜಿನ ನಂಬರು ಬರೆದಿದ್ದ. "ಸತ್ತವನಿಗೆ ಕುಂಕುಮ" ಎಂದು ಅವನೇ ನಗಾಡಿದ್ದ. ಆಮೇಲೂ ಆರು ವಾರ ಆ ಸತ್ತ ಮೋಟರೇ ದೋಣಿ ಓಡಿಸಿತು.

ಕಿಶನ್ ಯಮುನೆಯ ದಂಡೆಯವನೇ, ದೋಣಿಯವರ ಮಗ. ನಲವತ್ತೈದು ವರ್ಷ. ಅವನ ಏಜೆನ್ಸಿ ಎರಡು ವರ್ಷಕ್ಕೊಮ್ಮೆ ಹೆಸರು ಬದಲಿಸುತ್ತದೆ. ಅವನು ಬದಲಾಗದೆ ಹನ್ನೆರಡು ವರ್ಷದಿಂದ ಇದೇ ಶೆಡ್ಡಿನಲ್ಲಿದ್ದಾನೆ. ಹಿಂದಿಯಲ್ಲಿ ಹೆಸರು ಬರೆಯುವಷ್ಟು ಅಕ್ಷರ ಗೊತ್ತು, ಓದಲು ಬಾರದು. ಜಗನ್ನಾಥನನ್ನು ಕರೆಯುವುದು "ಉಸ್ತಾದ್" ಎಂದು. ಅದರಲ್ಲಿ ಎಷ್ಟು ಗೌರವ ಎಷ್ಟು ಕುಚೋದ್ಯ ಎಂದು ಜಗನ್ನಾಥನಿಗೆ ಇವತ್ತಿಗೂ ತಿಳಿದಿಲ್ಲ.

ಹನ್ನೊಂದು ಗಂಟೆಗೆ ಟೆಂಪೋ ಬಂತು. ಮರದ ಪೆಟ್ಟಿಗೆ ಇಳಿಸಿ, ಚಲಾನಿಗೆ ಸಹಿ ಹಾಕಿಸಿಕೊಂಡು, ಡೀಲರಿನ ಹುಡುಗರು ಹೊರಟೇಬಿಟ್ಟರು. ಕೂಡಿಸಿ ಕೊಡುವವರು ಏಪ್ರಿಲ್ ಹತ್ತರ ಮೇಲೆ ಬರುತ್ತಾರಂತೆ. ಆ ಹೊತ್ತಿಗೇ ಜೂನಿಯರ್ ಎಂಜಿನಿಯರ್ ಶ್ರೀವತ್ಸನ ಫೋನು ಬಂತು. ದಾವಣಗೆರೆಯವನು, ಇಪ್ಪತ್ತೊಂಬತ್ತು ವರ್ಷ, ಜಗನ್ನಾಥನ ಮೇಲಧಿಕಾರಿ.

"ಜಗಣ್ಣ, ಬಂತಾ?"

"ಬಂತು ಸಾರ್."

"ಅವರು ಬರೋ ತನಕ ಕಾಯೋಕಾಗಲ್ಲ. ನಾಳೆ ಬಿಲ್ ಹೋಗ್ದಿದ್ರೆ ಗ್ರ್ಯಾಂಟ್ ಲ್ಯಾಪ್ಸ್. 'ಕೂಡಿಸಿ ಓಡಿಸಿ ನೋಡಲಾಗಿದೆ, ತೃಪ್ತಿಕರ' ಅಂತ ಸರ್ಟಿಫಿಕೇಟ್ ಬೇಕು. ನೀವೇ ಕೂಡಿಸಿ, ನಡುಹೊಳೇಲಿ ಓಡೋದನ್ನ ಒಂದು ವಿಡಿಯೋ ಮಾಡಿ ನಾಲ್ಕರೊಳಗೆ ಕಳಿಸಿ. ನಿಮಗೆ ಹೇಳಿಕೊಡೋದೇನಿದೆ."

"ಹೆಗಲು..."

"ಕಿಶನ್ ಇದಾನಲ್ಲ. ಚಲೋ, ಮೀಟಿಂಗ್ ಇದೆ."

ಇಬ್ಬರೂ ಪೆಟ್ಟಿಗೆ ಒಡೆದರು. ಮೋಟರು ಬೂದು ಬಣ್ಣದ್ದು, ಹಳೆಯದಕ್ಕಿಂತ ಮೂವತ್ತು ಕಿಲೋ ಹೆಚ್ಚು. ಚೈನ್ ಪುಲ್ಲಿಗೆ ತೂಗಿಹಾಕಿ, ಎಳೆದು, ಇಳಿಸಿ, ಹಲಗೆಗೆ ಕೂರಿಸುವಷ್ಟರಲ್ಲಿ ಒಂದೂವರೆಯಾಯಿತು. ಹೆಗಲಿನೊಳಗೆ ಯಾರೋ ಕಾದ ಸಲಾಕೆ ಇಟ್ಟು ತಿರುವಿದ ಹಾಗೆ. ಜಗನ್ನಾಥ ಮುಚ್ಚಳ ತೆಗೆದು ಒಳಗೆ ನೋಡಿದ. ಒಂದು ಹಳದಿ ಚೀಟಿ ದಾರದಲ್ಲಿ ನೇತಾಡುತ್ತಿತ್ತು. ಪೆಟ್ರೋಲ್ ಪೈಪಿನ ಜೋಡಣೆಗೆ ಅಡ್ಡ ಬರುತ್ತಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹೊಸ ವಸ್ತುವಿನಲ್ಲಿ ಇಂಥ ಚೀಟಿ ಹತ್ತೆಂಟಿರುತ್ತವೆ. ಮೋಟರಿನ ಬಳಕೆಯ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿತ್ತು, ಚೀಲ ಪೆಟ್ಟಿಗೆಯಲ್ಲಿ ಉಳಿಯಿತು.

ಬ್ಯಾಟರಿ ಜೋಡಿಸಿದ್ದಾಯಿತು. ಇನ್ನು ಪೆಟ್ರೋಲ್. ಜಗನ್ನಾಥ ಟ್ಯಾಂಕಿಗೆ ಪೆಟ್ರೋಲ್ ಸುರಿದು, ಮೂಲೆಯಲ್ಲಿದ್ದ ಡಬ್ಬಿ ಎತ್ತಿ, ಅದರ ಮುಚ್ಚಳದಲ್ಲೇ ಅಳೆದು ಆಯಿಲ್ ಹಾಕತೊಡಗಿದ. ಒಂದು, ಎರಡು. ಹಳೇ ಮೋಟರಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಅದರ ಯಂತ್ರ ಒಣಗದಂತೆ ಕಾಯುವುದು ಆ ಆಯಿಲೇ. ಇಪ್ಪತ್ತಾರು ವರ್ಷ, ವಾರಕ್ಕೆರಡು ಸಲ ಇದೇ ಕೈ ಇದೇ ಮುಚ್ಚಳದಲ್ಲಿ ಅಳೆದಿತ್ತು.

ಕಿಶನ್ ಬೀಡಿ ಕೆಳಗಿಳಿಸಿದ. "ಉಸ್ತಾದ್, ಇದಕ್ಕೂ ಬೆರೆಸೋದಾ?"

"ಯಾಕೆ, ಆಯಿಲ್ ಇಲ್ದೆ ಓಡೋ ಮೋಟರು ಎಲ್ಲಾದ್ರೂ ನೋಡಿದೀಯಾ?"

"ನೀವೇ ಹೇಳಿದ್ರಿ ಒಂದ್ಸಲ. ಫೋರ್-ಸ್ಟ್ರೋಕಿಗೆ ಕಾರಿನ ಹಾಗೆ, ಆಯಿಲ್ ಬೇರೆ ಹೊಟ್ಟೆಗೆ ಹಾಕಬೇಕು ಅಂತ."

"ಉಸ್ತಾದ್ ನಾನಾ ನೀನಾ? ಟೈಮ್ ನೋಡು. ಹಗ್ಗ ಬಿಚ್ಚು, ಹೋಗು."

ಕಿಶನ್ ಹಗ್ಗ ಬಿಚ್ಚಲು ಹೋದ.

ಜಗನ್ನಾಥನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಕೊಚ್ಚಿಯಲ್ಲಿ ಒಂದು ದಿನದ ತರಬೇತಿಯಲ್ಲಿ ಕೂತು ಚಿತ್ರ ಬಿಡಿಸಿಕೊಂಡು ಬಂದಿದ್ದ. ಫೋರ್-ಸ್ಟ್ರೋಕಿನ ಆಯಿಲ್ ಯಂತ್ರದ ತಳದಲ್ಲಿ ಬೇರೆಯೇ ಇರುತ್ತದೆ; ಪೆಟ್ಟಿಗೆಯಲ್ಲಿ ಬರುವಾಗ ಖಾಲಿ ಬರುತ್ತದೆ. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಜಗನ್ನಾಥ ಅವರ ಕೈ ಹಿಡಿದು ನಿಲ್ಲಿಸುತ್ತಿದ್ದ. ಆದರೆ ಆ ಹೊತ್ತಿನಲ್ಲಿ ತಲೆ ಹೆಗಲಿನಲ್ಲಿತ್ತು, ಕೆಲಸ ಮಾಡುತ್ತಿದ್ದದ್ದು ಕೈ ಮಾತ್ರ. ಕೈಗೆ ಓದಲು ಬರುವುದಿಲ್ಲ.

ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಶುರುವಾಯಿತು. ಹಗ್ಗವಿಲ್ಲ, ಜಗ್ಗಾಟವಿಲ್ಲ. ಎಷ್ಟು ಮೆತ್ತಗೆ ಎಂದರೆ ದಂಡೆಯ ಮೇಲೆ ಬಟ್ಟೆ ಒಗೆಯುವವರ ಮಾತು ಕೇಳಿಸುತ್ತಿತ್ತು. ಮೋಟರಿನ ಬದಿಯ ತೂತಿನಿಂದ, ಎಂಜಿನ್ ತಂಪಾಗಿಸುವ ನೀರಿನ ಸಣ್ಣ ಧಾರೆ ಹೊರಬಿತ್ತು. "ಮೂತ್ರ ಸರಿಯಾಗಿದೆ, ಆರೋಗ್ಯವಂತ ಕೂಸು" ಎಂದ ಕಿಶನ್. ಜಗನ್ನಾಥ ನಕ್ಕ. ಆಮೇಲೆ ಯೋಚಿಸಿದರೆ, ಆ ವರ್ಷ ಅವನು ಕೆಲಸದ ಜಾಗದಲ್ಲಿ ನಕ್ಕದ್ದು ಅದೊಂದೇ ಸಲ ಇರಬೇಕು.

ಒಂದು ನಿಮಿಷವಾಗಿತ್ತೋ ಇಲ್ಲವೋ, ಕೀಂ ಎಂದು ಸದ್ದು ಶುರುವಾಯಿತು. ಕೆಂಪು ದೀಪ.

"ಅಳ್ತಾ ಇದೆ ಉಸ್ತಾದ್."

"ಹೊಸ ಗಾಡಿಗಳೆಲ್ಲ ಹೀಗೇ. ಬೆಲ್ಟ್ ಹಾಕದಿದ್ರೂ ಕಿರುಚ್ತವೆ, ಬಾಗಿಲು ತೆಗೆದ್ರೂ ಕಿರುಚ್ತವೆ. ನೀನು ವಿಡಿಯೋ ಹಿಡಿ."

"ವೇಗ ಏರ್ತಾ ಇಲ್ಲ."

"ಹೊಸದನ್ನ ನಿಧಾನಕ್ಕೇ ಓಡಿಸ್ಬೇಕು."

ನಡುಹೊಳೆಗೆ ಹೋಗುವ ಹೊತ್ತಿಗೆ ಏಳೆಂಟು ನಿಮಿಷ. ಕಿಶನ್ ಜಗನ್ನಾಥನ ಫೋನು ಎರಡೂ ಕೈಯಲ್ಲಿ ಹಿಡಿದು ಚಿತ್ರ ತೆಗೆಯುತ್ತಿದ್ದ. ಆಗ ಒಳಗಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ನಾಲ್ಕು, ಐದು ಸಲ. ಮತ್ತೆ ಒಂದು ಕಿರ್ರೆನ್ನುವ ಎಳೆತ. ಮೋಟರು ನಿಂತಿತು. ಜಗನ್ನಾಥ ಕೀಲಿ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್. ಮುಚ್ಚಳ ತೆಗೆದು ಎಂಜಿನಿನ ಮೇಲಿನ ಚಕ್ರವನ್ನು ಎಡಗೈಯಿಂದ ತಿರುಗಿಸಲು ನೋಡಿದ. ಗೋಡೆಯನ್ನು ತಳ್ಳಿದಂತಾಯಿತು.

ಆಗ ಹೊಳೆಯಿತು. ಕೀಲಿ ಕಳಚಿ ಕೈಯಲ್ಲಿ ಹಿಡಿದು ಕೂತ. ದೋಣಿ ಕಪ್ಪು ನೀರಿನ ಮೇಲೆ, ಚೆಂಡು ಹೂವಿನ ಹಾರಗಳ ನಡುವೆ, ತನ್ನಷ್ಟಕ್ಕೆ ಹರಿವಿನ ಕಡೆಗೆ ಸರಿಯತೊಡಗಿತು. ಕಿಶನ್ ಫೋನು ಕೊಟ್ಟು ಹುಟ್ಟು ಎತ್ತಿಕೊಂಡ. ದಡ ಮುಟ್ಟುವ ತನಕ ಅವನೇ ಹುಟ್ಟು ಹಾಕಿದ.

ಸುದ್ದಿ ತಿಳಿದು ಐದೂವರೆಗೆ ಶ್ರೀವತ್ಸ ಬಂದ. ಹೊಳಪಿನ ಬೂಟಿನಲ್ಲಿ ದೋಣಿಗಿಳಿದು, ಮೋಟರಿನ ಬದಿಯ, ಆಯಿಲ್ ಅಳೆಯುವ ಗೇಜುಕಡ್ಡಿ ಎಳೆದು ಕರ್ಚೀಫಿನಲ್ಲಿ ಒರೆಸಿದ. ಕರ್ಚೀಫು ಬಿಳಿಯಾಗಿಯೇ ಉಳಿಯಿತು. ಕಿಶನ್ ದೂರದಲ್ಲಿ ಬಾಟಲಿ ಕ್ರೇಟಿನ ಮೇಲೆ ಕೂತಿದ್ದ.

"ಒಂದು ತೊಟ್ಟೂ ಇಲ್ಲ." ಶ್ರೀವತ್ಸ ಕನ್ನಡದಲ್ಲೇ, ದನಿ ತಗ್ಗಿಸಿ ಹೇಳಿದ. "ಯಾರು ತುಂಬಬೇಕಿತ್ತು ಜಗಣ್ಣ?"

ಜಗನ್ನಾಥ ಗೇಜುಕಡ್ಡಿ ತೆಗೆದುಕೊಂಡು ಮತ್ತೆ ಅದರ ಜಾಗಕ್ಕೆ ತೂರಿಸಿದ.

"ಕೂಡಿಸಿ ಅಂದವನು ನಾನು. ಡೀಲರಿನವರು ಬರೋ ಮೊದ್ಲೇ. ಅದು ಕಾಗದದಲ್ಲಿ ಬಂದ್ರೆ ನನ್ನ ಪ್ರೊಬೇಷನ್ ಅಲ್ಲಿಗೆ ಮುಗೀತು. ನಿಮ್ಮ ಹೆಸರು ಬಂದ್ರೆ ಚಾರ್ಜ್‌ಶೀಟ್. ರಿಟೈರ್‌ಮೆಂಟ್ ಯಾವಾಗ, ಜೂನ್ ತಾನೆ? ಎನ್‌ಕ್ವೈರಿ ಬಾಕಿ ಇದ್ರೆ ಗ್ರ್ಯಾಚುಯಿಟಿ ಕೊಡಲ್ಲ. ಎರಡು ವರ್ಷ, ಮೂರು ವರ್ಷ, ಯಾರಿಗೆ ಗೊತ್ತು."

"ಗೊತ್ತು ಸಾರ್."

"ಅದಕ್ಕೇ ಹೇಳ್ತಿದೀನಿ. ನೀವು ಆಯಿಲ್ ತುಂಬು ಅಂತ ಹೇಳಿದ್ರಿ, ಅವನು ಮರೆತ." ಶ್ರೀವತ್ಸ ಕ್ರೇಟಿನ ಕಡೆ ನೋಡಲಿಲ್ಲ. "ಅವನ ಮೇಲೆ ಚಾರ್ಜ್‌ಶೀಟ್ ಇಲ್ಲ, ಪೆನ್ಷನ್ ಇಲ್ಲ, ಏನೂ ಇಲ್ಲ. ಏಜೆನ್ಸಿಯವರು ತೆಗೀತಾರೆ ಅಷ್ಟೆ. ಕರೋಲ್ ಬಾಗಿನಲ್ಲಿ ನನಗೆ ಗೊತ್ತಿರೋ ಹೋಟೆಲಿದೆ, ಅಲ್ಲಿ ವಾಚ್‌ಮನ್ ಮಾಡಿಸ್ತೀನಿ. ನಾವು ನಾವು ಒಬ್ಬರನ್ನೊಬ್ಬರು ನೋಡ್ಕೊಳ್ದಿದ್ರೆ ಈ ಊರಲ್ಲಿ ಇನ್ಯಾರು ನೋಡ್ತಾರೆ, ಹೇಳಿ?"

ಹೋದ ಯುಗಾದಿಗೆ ತಾವೇ ಮನೆಗೆ ಕರೆದು ಹೋಳಿಗೆ ಹಾಕಿದ ಹುಡುಗ. ಶಾರದಾಳ ಕೈಯ ಸಾರು ಕುಡಿದು "ಅಮ್ಮನ ನೆನಪಾಯ್ತು" ಎಂದವನು. ಈಗ ಹೇಳುತ್ತಿರುವುದೂ ಅದೇ ಧ್ವನಿಯಲ್ಲಿ.

"ನಾಳೆ ಬೆಳಿಗ್ಗೆ ಕಾಗದ ತರ್ತೀನಿ. ಅವನ ಸೈನ್ ಆದ್ರೆ ಆಯ್ತು" ಎಂದ ಶ್ರೀವತ್ಸ.

ಜಗನ್ನಾಥ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ಸುಮ್ಮನಿರುವುದು ಏನೆಂದು ಮೂವತ್ತು ವರ್ಷ ಸರ್ವಿಸು ಮಾಡಿದವನಿಗೆ ಬೇರೆ ಹೇಳಬೇಕಾಗಿಲ್ಲ.

ಮನೆಗೆ ಹೋದಾಗ ಶಾರದಾ ಬಿಸಿನೀರಿನ ಚೀಲ ಸಿದ್ಧ ಮಾಡಿದ್ದಳು. ಶರ್ಟು ಬಿಚ್ಚಿಸುವಾಗ ಜೇಬಿನಲ್ಲಿ ಕೈ ಹಾಕಿದಳು. ಒಗೆಯುವ ಮೊದಲು ಜೇಬು ನೋಡುವುದು ಅವಳ ಅಭ್ಯಾಸ.

"ಇದೇನ್ರೀ, ಹಳದಿ ಕಾರ್ಡು?"

ಮಗಳು ಅಮೂಲ್ಯ ಸೋಫಾದಿಂದ ಕೈ ಚಾಚಿ ತೆಗೆದುಕೊಂಡಳು. ನೋಯ್ಡಾದ ಕಂಪನಿಯೊಂದರ ಎಚ್‌ಆರ್‌ನಲ್ಲಿ ಕೆಲಸ, ದೆಹಲಿಯಲ್ಲೇ ಹುಟ್ಟಿದವಳು. ಇಂಗ್ಲಿಷಿನಲ್ಲಿದ್ದುದನ್ನು ಓದಿ, "ಪಪ್ಪಾ, ಇದರಲ್ಲಿ ಎಂಜಿನ್ ಆಯಿಲ್ ಇಲ್ಲ, ಸ್ಟಾರ್ಟ್ ಮಾಡೋ ಮೊದಲು ತುಂಬಿ ಅಂತ ಇದೆ. ತುಂಬಿದ್ರಿ ನಾ?" ಎಂದಳು.

ಜಗನ್ನಾಥ ನೀರು ಕೇಳಿದ. ಕುಡಿದ. ನಡೆದದ್ದನ್ನೆಲ್ಲ ಹೇಳಿದ, ಶ್ರೀವತ್ಸನ ಮಾತನ್ನೂ ಸೇರಿಸಿ.

ಗ್ರ್ಯಾಚುಯಿಟಿಯನ್ನು ನಂಬಿ ಜನಕಪುರಿಯಲ್ಲಿ ಎರಡನೇ ಮಹಡಿಯ ಮನೆಯೊಂದನ್ನು ಮಾತಾಡಿಟ್ಟಿದ್ದರು. ಅಡುಗೆಮನೆಗೆ ಕಿಟಕಿ ಇರುವ ಮನೆ. ಶಾರದಾ ಅದರ ಅಳತೆ ತೆಗೆದುಕೊಂಡು ಪರದೆಯ ಬಟ್ಟೆಯನ್ನೂ ತಂದಾಗಿತ್ತು.

"ಡೋಂಟ್ ಸೈನ್ ಎನಿಥಿಂಗ್, ಪಪ್ಪಾ" ಎಂದಳು ಅಮೂಲ್ಯ. "ಅವನೇ ಸೈನ್ ಮಾಡ್ತಾನಲ್ಲ, ಬಸ್. ನಮ್ಮ ಆಫೀಸಲ್ಲೂ ಐಸಾ ಹೀ ಹೋತಾ ಹೈ. ಕಾಂಟ್ರ್ಯಾಕ್ಟ್ ವಾಲೋಂಕೋ... ತೆಗೀಬೇಕಾಗತ್ತೆ. ಮೊದಲ ಸಲ ನನಗೂ ಕೆಟ್ಟದನಿಸ್ತು. ಆಮೇಲೆ ಅಭ್ಯಾಸ ಆಗತ್ತೆ."

"ನಿನಗೆ ಇಪ್ಪತ್ತಾರಕ್ಕೇ ಅಭ್ಯಾಸ ಆಯ್ತಾ?" ಎಂದಳು ಶಾರದಾ.

"ಮಮ್ಮಾ, ಪ್ಲೀಸ್. ಮನೆ ಬೇಕು ಅಂದಿದ್ದು ನೀನು."

ಶಾರದಾ ಬಿಸಿನೀರಿನ ಚೀಲವನ್ನು ಗಂಡನ ಹೆಗಲಿಗೆ ಒತ್ತಿದಳು, ಬೇಕಾದ್ದಕ್ಕಿಂತ ಜೋರಾಗಿ. "ನಾನು ಏನೂ ಹೇಳಲ್ಲ. ನಾಳೆ ನಾನು ಹೇಳಿದ್ದಕ್ಕೆ ಹೀಗಾಯ್ತು ಅಂತ ಇಬ್ಬರೂ ಸೇರಿ ನನ್ನ ತಲೆಗೆ ಕಟ್ತೀರಿ." ಚೀಲ ತಿರುಗಿಸಿ ಇಟ್ಟು ಕೇಳಿದಳು, "ಅವನಿಗೆ ಎಷ್ಟು ಮಕ್ಕಳು?"

"ಗೊತ್ತಿಲ್ಲ."

"ಹನ್ನೆರಡು ವರ್ಷದಿಂದ ಒಂದೇ ದೋಣಿ."

"ಗೊತ್ತಿಲ್ಲ ಅಂದ್ನಲ್ಲ."

ಮಾರನೆಯ ಬೆಳಿಗ್ಗೆ ಅವನು ಹಳದಿ ಚೀಟಿಯನ್ನು ಹೊಸ ಶರ್ಟಿನ ಜೇಬಿಗೆ ಹಾಕಿಕೊಂಡ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮನೆಯ ಕಸದ ಬುಟ್ಟಿಯಲ್ಲಿ ಬಿಡುವುದು ಬೇಡ, ದಾರಿಯಲ್ಲಿ ಎಲ್ಲಾದರೂ ಎಸೆದರಾಯಿತು ಎಂದುಕೊಂಡಿದ್ದ. ಬಸ್ಸಿನಿಂದ ಇಳಿಯುವವರೆಗೆ ಎರಡು ಸಲ ಕೈ ಜೇಬಿಗೆ ಹೋಯಿತು, ಎರಡು ಸಲವೂ ಬರಿದೇ ಹೊರಬಂತು.

ಅವತ್ತು ನೀರೆತ್ತುವ ದಿನ. ಮೋಟರು ಸತ್ತಿದೆ ಎಂದು ಯಮುನೆಗೆ ರಜೆ ಇಲ್ಲ. ಕಿಶನ್ ಆಗಲೇ ಹೊಸ ಮೋಟರನ್ನು ಚೈನಿನಲ್ಲಿ ಮೇಲೆತ್ತಿ ಪಕ್ಕಕ್ಕೆ ಮಲಗಿಸಿ, ಕೆಂಪು ನಂಬರಿನ ಹಳೆಯದನ್ನು ಒಬ್ಬನೇ ಹಲಗೆಗೆ ಕೂರಿಸಿದ್ದ. ತಿರುಪು ಬಿಗಿಯುತ್ತಿದ್ದ. ಬಾಟಲಿಗಳು ತೊಳೆದು ಸಾಲಾಗಿ ಇಟ್ಟಿದ್ದವು.

ಶ್ರೀವತ್ಸ ಫೈಲು ಹಿಡಿದು ಬಂದ. ಹಿಂದಿಯಲ್ಲಿ ಟೈಪ್ ಮಾಡಿದ ಒಂದು ಹಾಳೆ. "ಕಿಶನ್, ಇಲ್ಲಿ ಒಂದು ಸೈನ್ ಮಾಡು. ಮೋಟರು ಕೆಟ್ಟಿದ್ದಕ್ಕೆ ಕಾಗದ ಬೇಕಲ್ಲ. ಆಮೇಲೆ ನಿನ್ನ ಹತ್ರ ಮಾತಾಡೋದಿದೆ, ಒಳ್ಳೇ ಸುದ್ದಿ."

ಕಿಶನ್ ಕೈಯನ್ನು ಚಿಂದಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡ. ತಿರುಗಿಸಿ ನೋಡಿದ. ಆಮೇಲೆ ಜಗನ್ನಾಥನ ಕಡೆ ಚಾಚಿದ.

"ಓದಿ ಉಸ್ತಾದ್."

"ನಾನು ಓದ್ತೀನಿ, ಕೊಡು" ಎಂದ ಶ್ರೀವತ್ಸ.

"ಬೇಡ ಸಾಹೇಬ್. ನೀವು ಓದಿದವರು, ಬೇಗ ಬೇಗ ಓದ್ತೀರಿ. ಉಸ್ತಾದ್ ನಿಧಾನ ಓದ್ತಾರೆ, ನನಗೆ ಅರ್ಥ ಆಗುತ್ತೆ."

ಸಂಬಳದ ಚೀಟಿ, ಏಜೆನ್ಸಿಯ ಒಪ್ಪಂದ, ಆಸ್ಪತ್ರೆಯ ಕಾಗದ, ಎಲ್ಲವನ್ನೂ ಹನ್ನೆರಡು ವರ್ಷದಿಂದ ಓದಿ ಹೇಳಿದ್ದು ಜಗನ್ನಾಥನೇ. ಇದೂ ಅಂಥದೇ ಎನ್ನುವಂತೆ ಕಿಶನ್ ಕ್ರೇಟಿನ ಮೇಲೆ ಕೂತು ಬೀಡಿ ಹಚ್ಚಿದ.

ಜಗನ್ನಾಥ ಕನ್ನಡಕ ಹಾಕಿಕೊಂಡ. ಹೆಸರು, ತಂದೆಯ ಹೆಸರು, ಏಜೆನ್ಸಿ, ತಾರೀಕು ಸಲೀಸಾಗಿ ಹೋದವು. ನಾಲ್ಕನೇ ಸಾಲಿಗೆ ಬಂದಾಗ ನಿಂತ. ಏನನ್ನಾದರೂ ಓದಬಹುದಿತ್ತು. 'ಮೋಟರು ತಾನಾಗಿಯೇ ನಿಂತಿತು' ಎಂದು ಓದಿದ್ದರೂ ಕಿಶನ್ ನಂಬುತ್ತಿದ್ದ, ಸಹಿ ಹಾಕುತ್ತಿದ್ದ, ಕರೋಲ್ ಬಾಗಿಗೆ ಹೋಗುತ್ತಿದ್ದ. ಮೂರು ತಿಂಗಳು. ಅಡುಗೆಮನೆಯ ಕಿಟಕಿ.

"ಆಮೇಲೆ?" ಎಂದ ಕಿಶನ್.

ಜಗನ್ನಾಥ ಇದ್ದದ್ದನ್ನೇ ಓದಿದ. "ಎಂಜಿನ್ ಆಯಿಲ್ ತುಂಬಲು ಬೋಟ್ ಆಪರೇಟರ್ ನನಗೆ ಸ್ಪಷ್ಟವಾಗಿ ಹೇಳಿದ್ದರು. ನನ್ನ ನಿರ್ಲಕ್ಷ್ಯದಿಂದ ನಾನು ತುಂಬಲಿಲ್ಲ. ಮೋಟರು ಕೆಟ್ಟದ್ದಕ್ಕೆ ನಾನೇ ಹೊಣೆ."

ಕಿಶನ್ ಹೊಗೆ ಬಿಟ್ಟ. "ಹೇಳಿದ್ರಾ?"

"ಇಲ್ಲ."

"ನಾನು ಕೇಳಿದ್ನಾ?"

"ಕೇಳಿದೆ."

"ಹಾಂ." ಬೀಡಿಯನ್ನು ಒದ್ದೆ ನೆಲಕ್ಕೆ ಒತ್ತಿದ. ಎದ್ದು ಬಂದು ಶ್ರೀವತ್ಸನ ಮುಂದೆ ಕೈ ಚಾಚಿದ. "ಪೆನ್ನು ಕೊಡಿ ಸಾಹೇಬ್. ಎಲ್ಲಿ ಮಾಡ್ಬೇಕು?"

ಶ್ರೀವತ್ಸನಿಗೇ ಗಲಿಬಿಲಿಯಾಯಿತು. "ನೋಡು ಕಿಶನ್, ನಿನಗೆ ಬೇರೆ ಕಡೆ..."

"ಮಾಡ್ದಿದ್ರೂ ಹೋಗ್ತೀನಿ, ಮಾಡಿದ್ರೂ ಹೋಗ್ತೀನಿ. ಮಾಡಿದ್ರೆ ನಿಮ್ಮ ಒಳ್ಳೇ ಸುದ್ದಿಯಾದ್ರೂ ಸಿಗುತ್ತೆ. ಹೋಗೋದು ನಾನೇ ಅಂತ ನನಗೆ ನಿನ್ನೆಯೇ ಗೊತ್ತಾಯ್ತು. ನೀವಿಬ್ರೂ ನಿಮ್ಮ ಭಾಷೆಯಲ್ಲಿ ಮಾತಾಡ್ತಾ ಇದ್ರಿ. ನನ್ನ ಕಡೆ ಒಂದ್ಸಲನೂ ನೋಡ್ಲಿಲ್ಲ."

ಬೈದಿದ್ದರೆ ಸುಲಭವಾಗುತ್ತಿತ್ತು. ಜಗಳ ಮಾಡಿದ್ದರೆ ಜಗನ್ನಾಥನೂ ಜಗಳ ಮಾಡಿ, ಸಿಟ್ಟು ಬಂದಂತೆ ಮಾಡಿ, ಅವನ ಕೈಗೆ ಪೆನ್ನು ಕೊಡಬಹುದಿತ್ತು. ಈ ಮನುಷ್ಯ ಬಸ್ ಟಿಕೆಟ್ ಕೇಳಿದ ಹಾಗೆ ಪೆನ್ನು ಕೇಳುತ್ತಿದ್ದ.

ಜಗನ್ನಾಥ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ. ಜೇಬಿನಿಂದ ಹಳದಿ ಚೀಟಿ ತೆಗೆದು ಶ್ರೀವತ್ಸನ ಫೈಲಿನ ಮೇಲಿಟ್ಟ.

"ಇದೇನು?"

"ಮೋಟರಿನಲ್ಲಿ ಕಟ್ಟಿತ್ತು. ಆಯಿಲ್ ಇಲ್ಲ ಅಂತ ಬರೆದಿದೆ. ನಾನು ಕಿತ್ತು ಜೇಬಿಗೆ ಹಾಕ್ಕೊಂಡೆ. ಓದಲಿಲ್ಲ."

"ಜಗಣ್ಣ, ನಿಮಗೆ ಹುಚ್ಚಾ?" ಶ್ರೀವತ್ಸನ ದನಿ ಏರಿತು. "ಹೋಳಿಗೆ ತಿಂದ ಋಣಕ್ಕೆ ನಾನು ರಾತ್ರಿಯೆಲ್ಲ ಕೂತು ಇದನ್ನ ಮಾಡಿದೀನಿ. ಯಾರಿಗೋಸ್ಕರ? ನನಗೋಸ್ಕರನಾ?"

"ನಿಮಗೋಸ್ಕರನೂ ಹೌದು ಸಾರ್. ತಪ್ಪು ತಿಳ್ಕೋಬೇಡಿ. ನೀವು ಕೂಡಿಸೋಕೆ ಹೇಳಿದ್ರಿ ಅಂತ ನಾನು ಬರೆಯಲ್ಲ. ಅವಸರದಲ್ಲಿ ನಾನೇ ಕೂಡಿಸಿದೆ ಅಂತ ಬರೀತೀನಿ. ಆಯಿಲ್ ಹಾಕದಿದ್ದವನು ನಾನು. ಅದನ್ನು ಅವನು ಹಾಕಲಿಲ್ಲ ಅಂತ ಇನ್ನು ಮೂರು ತಿಂಗಳು ನೆನಪಿಟ್ಕೊಂಡು ಹೇಳ್ತಾ ಇರ್ಬೇಕು. ಸಮಿತಿ ಮುಂದೆ, ಆಡಿಟ್ ಮುಂದೆ, ಮನೇಲಿ. ನನಗಾಗಲ್ಲ. ಸುಸ್ತಾಗಿದೆ."

"ಸುಸ್ತು!" ಎಂದ ಶ್ರೀವತ್ಸ. "ಸುಸ್ತಾಗಿದೆ ಅಂತ ಗ್ರ್ಯಾಚುಯಿಟಿ ಬಿಡ್ತಾರಾ ಯಾರಾದ್ರೂ?"

ಜಗನ್ನಾಥ ಅದೇ ಹಾಳೆಯನ್ನು ಬಿಡಿಸಿ, ಹಿಂಬದಿಯಲ್ಲಿ, ದೋಣಿಯ ಅಂಚಿಗೆ ಒತ್ತಿಟ್ಟು ಬರೆದ. ನಾಲ್ಕು ಸಾಲು. ಬಲ ಹೆಗಲು ಹಿಡಿದುಕೊಂಡು ಅಕ್ಷರ ಇಳಿಜಾರಾಯಿತು. ಸಹಿ ಹಾಕಿ ಕೊಟ್ಟ. ಶ್ರೀವತ್ಸ ಓದಿದ, ಫೈಲಿಗೆ ಸೇರಿಸಿದ, ಚೀಟಿಯನ್ನೂ ಪಿನ್ ಮಾಡಿದ. ತನ್ನ ಹೆಸರು ಅದರಲ್ಲಿಲ್ಲ ಎಂದು ಇನ್ನೊಮ್ಮೆ ನೋಡಿಕೊಂಡ ಮೇಲೆ ಅವನ ಮುಖ ಸ್ವಲ್ಪ ಸಡಿಲಾಯಿತು. "ಮನೇಲಿ ಶಾರದಮ್ಮನಿಗೆ ನೀವೇ ಹೇಳಿ, ನಾನು ಹೇಳಲ್ಲ" ಎಂದು ದಂಡೆ ಹತ್ತಿ ಹೋದ.

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಕಿಶನ್ ಧನ್ಯವಾದ ಹೇಳಬಹುದು ಎಂದು ಜಗನ್ನಾಥ ಕಾದನೋ ಇಲ್ಲವೋ, ಅವನಿಗೂ ಖಾತ್ರಿಯಿಲ್ಲ.

"ನಿನ್ನೆ ಬರೀಬೇಕಿತ್ತು" ಎಂದ ಕಿಶನ್. "ರಾತ್ರಿ ನನ್ನ ಹೆಂಡತಿ ನಿದ್ದೆ ಮಾಡ್ಲಿಲ್ಲ."

"ಹೌದು."

"ಬನ್ನಿ. ಬಿಸಿಲು ಏರಿದ್ರೆ ಬಾಟಲಿ ನೀರು ಕಾಯುತ್ತೆ, ಲ್ಯಾಬಿನವರು ಬೈತಾರೆ."

ಟ್ಯಾಂಕಿನಿಂದ ಹೊಸ ಮೋಟರಿನ ಪೈಪು ಕಳಚಿ ಹಳೆಯದರ ಪೈಪು ಹಾಕುತ್ತ ಕಿಶನ್ ಕೇಳಿದ, "ಇದರಲ್ಲಿ ನೀವು ನಿನ್ನೆ ಆಯಿಲ್ ಬೆರೆಸಿದ ಪೆಟ್ರೋಲೇ ಇದೆ. ಚೆಲ್ಲಲಾ?"

"ಯಾಕೆ ಚೆಲ್ತೀಯ? ಇದಕ್ಕೆ ಅದೇ ಬೇಕಾಗಿದ್ದು. ಅಳತೆ ಸರಿಯಾಗಿದೆ."

"ಅಳತೆ ಸರಿಯಾಗೇ ಇತ್ತು, ಮೋಟರೊಂದು ತಪ್ಪಿತ್ತು."

ಜಗನ್ನಾಥ ಅಭ್ಯಾಸಬಲದಿಂದ ಹಗ್ಗಕ್ಕೆ ಕೈ ಹಾಕಿದ. ಹೆಗಲು ಅರ್ಧಕ್ಕೇ ನಿಂತಿತು. ಕಿಶನ್ ಅವನನ್ನು ಮೊಣಕೈಯಿಂದ ಬದಿಗೆ ಸರಿಸಿ, ಕಾಲನ್ನು ಹಲಗೆಗೆ ಒತ್ತಿಟ್ಟು ಎಳೆದ. ಒಂದು. ಎರಡು. ಮೂರನೆಯದಕ್ಕೆ ಒಳಗೆ ಕೆಮ್ಮಿ ಸುಮ್ಮನಾಯಿತು.

"ಉಸ್ತಾದ್, ಇನ್ನೊಂದು ಮೋಟರು ಯಾವಾಗ ಕೊಡ್ತಾರೆ?"

"ಎನ್‌ಕ್ವೈರಿ ಮುಗಿದ ಮೇಲೆ. ಅದು ನಾನು ಹೋದ ಮೇಲೂ ಮುಗಿಯಲ್ಲ."

ನಾಲ್ಕು. ಐದು. ಕಿಶನ್ ನಿಂತು ಉಸಿರು ತೆಗೆದುಕೊಂಡ. ತನ್ನ ಬಲ ಹೆಗಲನ್ನು ಎಡಗೈಯಿಂದ ಒಮ್ಮೆ ಹಿಸುಕಿಕೊಂಡ. "ನೀವು ಒಂಬತ್ತು ಅರ್ಜಿ ಬರೆದ್ರಿ. ನನಗೆ ಬರೆಯೋಕೂ ಬರಲ್ಲ."

ಜಗನ್ನಾಥ ಹಗ್ಗದ ಹಿಡಿಯನ್ನು ಒರೆಸಿ ಅವನ ಕೈಗೆ ಕೊಟ್ಟ.

ಏಳನೇ ಎಳೆತಕ್ಕೆ ಮೋಟರು ಹಿಡಿಯಿತು. ನೀಲಿ ಹೊಗೆ ಇಬ್ಬರ ಮುಖಕ್ಕೂ ನುಗ್ಗಿತು. ಕೊಕ್ಕರೆಗಳು ಎದ್ದವು. ಜಗನ್ನಾಥ ಎಡಗೈಯಲ್ಲಿ ಮೋಟರಿನ ಹಿಡಿಕೆ ಹಿಡಿದು ದೋಣಿಯನ್ನು ನಡುಹೊಳೆಗೆ ತಿರುಗಿಸಿದ. ಮೊದಲ ಜಾಗ ಬಂದಾಗ ಕಿಶನ್ ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ.

"ಕಿಶನ್," ಸದ್ದಿನ ನಡುವೆ ಜಗನ್ನಾಥ ಕೂಗಿ ಕೇಳಿದ, "ನಿನಗೆ ಎಷ್ಟು ಮಕ್ಕಳು?"

ಕಿಶನ್ ಬಾಟಲಿ ಮೇಲೆತ್ತಿ, ಕಪ್ಪು ನೀರನ್ನು ಬಿಸಿಲಿಗೆ ಹಿಡಿದು ನೋಡಿ, ಮುಚ್ಚಳ ಬಿಗಿದ. "ಈಗ ಕೇಳ್ತಿದೀರಾ?" ಎಂದ. "ಬಾಟಲಿ ನಂಬರ್ ಒಂದು. ಬರ್ಕೊಳ್ಳಿ."

ಜಗನ್ನಾಥ ಬರೆದುಕೊಂಡ.